ಹಾಲು ಕುಡಿಯೋ ಮರಿಗೇ ಮೇವಿನ ರುಚಿ ಹಿಡಿಸಿ

2023ರ ಬರದಲ್ಲಿ ನಾನು ಸಂತೆಯಿಂದ 12 ಕುರಿಮರಿ ತಂದೆ. ಎಲ್ಲವೂ ಮೂರು-ನಾಲ್ಕು ತಿಂಗಳವು. ನಮ್ಮದು ಚಳ್ಳಕೆರೆ ಕಡೆಯ ಮಳೆ ನಂಬಿದ ಹೊಲ. ಆ ವರ್ಷ ಶೇಂಗಾ ಕೈಕೊಟ್ಟಿತ್ತು, ಹೊಟ್ಟೂ ಸಿಗಲಿಲ್ಲ. ಬದುವಿನ ಮೇಲಿನ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ಒಂದೇ ಹಸಿರಾಗಿ ನಿಂತಿತ್ತು. ಅದನ್ನು ನಂಬಿಯೇ ಮರಿ ಕೊಂಡಿದ್ದು.

ಮರಿಗಳು ಸೊಪ್ಪು ಮೂಸಿ ಮುಖ ತಿರುಗಿಸಿದವು. ಹಸಿದರೆ ತಾನೇ ತಿಂತಾವೆ ಅಂತ ಬೇರೆ ಮೇವು ಕೊಡದೆ ಬಿಟ್ಟೆ. ಅದೇ ನನ್ನ ತಪ್ಪು. ಸೊರಗಿ ಸೊರಗಿ ಎರಡು ಸತ್ತವು. ಉಳಿದ ಹತ್ತನ್ನು ಕೊಂಡ ರೇಟಿಗಿಂತ ಕಮ್ಮಿಗೆ ಮಾರಿದೆ. ಆದರೆ ನಮ್ಮ ರೊಪ್ಪದಲ್ಲೇ ಹುಟ್ಟಿದ ಐದು ಮರಿ ಅದೇ ಸೊಪ್ಪನ್ನು ಕಿತ್ತಾಡಿಕೊಂಡು ತಿಂತಿದ್ದವು. ಯಾಕೆ ಹೀಗೆ?

ನಾಲಿಗೆಯ ಮೊಗ್ಗುಗಳು

ನಮ್ಮ ಪಶು ಡಾಕ್ಟ್ರನ್ನ ಕೇಳಿದೆ. "ಯಜಮಾನ್ರೇ, ಹುಟ್ಟಿದಾಗ ಮರಿಯ ನಾಲಿಗೆ ಪೂರ್ತಿ ತಯಾರಾಗಿರಲ್ಲ, ಆಮೇಲೂ ಬಲೀತದೆ" ಅಂದರು. ಪುಸ್ತಕ ನೋಡಿ ಒಂದೊಂದಾಗಿ ಹೇಳಿದರು. ನನಗೆ ತಿಳಿದಷ್ಟು ಬರೀತೀನಿ.

ನಾಲಿಗೆ ಮೇಲೆ ಕಾಣುವ ಸಣ್ಣ ಗುಳ್ಳೆಗಳಲ್ಲಿ ಕಣ್ಣಿಗೆ ಕಾಣದ ರುಚಿಮೊಗ್ಗುಗಳಿರುತ್ತವೆ. ಕುರಿ ಗಬ್ಬ ಸುಮಾರು 147 ದಿನ. 50 ದಿನದ ಹೊತ್ತಿಗೇ ಹೊಟ್ಟೆಯೊಳಗಿನ ಮರಿಯ ನಾಲಿಗೆಯಲ್ಲಿ ಮೊಗ್ಗು ಮೂಡಲು ಶುರುವಾಗುತ್ತೆ. ಆದರೆ ಮೂಡಿದ ಮಾತ್ರಕ್ಕೆ ಬಲಿತಂತಲ್ಲ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮಿಸ್ಟ್ರೆಟ್ಟಾ ಮತ್ತು ಬ್ರಾಡ್ಲಿ ಎಂಬ ವಿಜ್ಞಾನಿಗಳು ಕುರಿಗಳಲ್ಲೇ ಇದನ್ನು ಪರೀಕ್ಷೆ ಮಾಡಿದರು. ಹೊಟ್ಟೆಯೊಳಗಿನ ಮರಿಯ ನಾಲಿಗೆ ನರಕ್ಕೆ ಅಡಿಗೆ ಉಪ್ಪಿನ ರುಚಿ ತಟ್ಟೋದು ಕಮ್ಮಿ. ಹುಟ್ಟಿದ ಮೇಲೆ ಅದು ಏರುತ್ತಾ ಹೋಗುತ್ತೆ.

ಇಲಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಇಲಿಮರಿ ಹುಟ್ಟಿದಾಗ ನಾಲಿಗೆ ಹಿಂಭಾಗದ ದೊಡ್ಡ ಗುಳ್ಳೆಯಲ್ಲಿ ಬಲಿತ ಮೊಗ್ಗು ಇರೋದೇ ಇಲ್ಲ. 90 ದಿನಕ್ಕೆ ಸುಮಾರು 600 ಆಗುತ್ತವೆ. ಮೊಗ್ಗಿನೊಳಗಿನ ಕೋಶಗಳೂ ಹತ್ತು ದಿನದ ಆಸುಪಾಸಿನಲ್ಲಿ ಸತ್ತು ಹೊಸವು ಬರುತ್ತಿರುತ್ತವೆ. ಇದನ್ನು 1965ರಲ್ಲೇ ಇಲಿಯಲ್ಲಿ ಕಂಡುಕೊಂಡಿದ್ದರು.

ತಾಯಿ ತಿಂದದ್ದೇ ಪಾಠ

ಕೋಶ ಸತ್ತರೆ ರುಚಿಯ ನೆನಪೂ ಹೋಗಬೇಕಲ್ಲ ಅಂತ ಕೇಳಿದೆ. ನೆನಪು ಉಳಿಯೋದು ಮೆದುಳಿನಲ್ಲಂತೆ. ನಾಲಿಗೆ ಬಲಿಯುವ ಅದೇ ದಿನಗಳಲ್ಲಿ ಮರಿ ಯಾವುದು ತಿನ್ನುವಂಥದ್ದು ಅಂತ ಕಲಿಯುತ್ತೆ. ಇದರಲ್ಲಿ ಮೂಗಿನ ಪಾಲು ದೊಡ್ಡದು. ಗೊಬ್ಬರದ ಗಿಡವನ್ನು ಗೊತ್ತಿಲ್ಲದ ಮರಿ ಬಾಯಿಗೂ ಹಾಕದೆ ಮೂಸಿಯೇ ಬಿಡೋದು ಅದಕ್ಕೇ.

ಹಾಲಿನಲ್ಲೂ ವಾಸನೆ ಹೋಗುತ್ತೆ. ಅಮೆರಿಕದ ಯೂಟಾ ರಾಜ್ಯ ವಿಶ್ವವಿದ್ಯಾಲಯದ ನೋಲ್ಟೆ ಮತ್ತು ಪ್ರೊವೆಂಜಾ ತಬ್ಬಲಿ ಕುರಿಮರಿಗಳಿಗೆ ಈರುಳ್ಳಿ ವಾಸನೆಯ ಹಾಲು ಕುಡಿಸಿದರು. ಮುಂದೆ ಅವು ಈರುಳ್ಳಿ ವಾಸನೆಯ ಮೇವನ್ನು ಇಷ್ಟಪಟ್ಟು ತಿಂದವು. 1992ರಲ್ಲಿ ಇದು ಪ್ರಕಟವಾಯ್ತು. ಆಸ್ಟ್ರೇಲಿಯಾದಲ್ಲಿ ತಾಯಿ ಜೊತೆ ಗೋಧಿ ತಿಂದು ಕಲಿತ ಮರಿಗಳು ಸುಮಾರು ಮೂರು ವರ್ಷದ ಮೇಲೂ ಗೋಧಿ ಕಂಡ ಕೂಡಲೇ ತಿಂದವಂತೆ.

ನಮ್ಮ ಐದು ಮರಿಗಳ ಗುಟ್ಟು ಆಗ ತಿಳೀತು. ಅವುಗಳ ತಾಯಂದಿರಿಗೆ ನಾನು ವರ್ಷವಿಡೀ ಗೊಬ್ಬರದ ಗಿಡದ ಸೊಪ್ಪು ಹಾಕ್ತಿದ್ದೆ.

ಈಗ ನಾನು ಮಾಡೋದು

ಈದ ಕುರಿಗೆ ದಿನಾ ಒಂದು ಹೊರೆ ಮಿಶ್ರ ಸೊಪ್ಪು ಕಟ್ಟುತ್ತೇನೆ. ಗೊಬ್ಬರದ ಗಿಡ, ಜಾಲಿ, ಬೇವು, ಹುರುಳಿ ಹೊಟ್ಟು ಹೀಗೆ ಬರದಲ್ಲಿ ಕೈಗೆ ಸಿಗುವ ಎಲ್ಲದರ ಪರಿಚಯ ಆಗಲಿ ಅಂತ. ಹೊರೆಯನ್ನು ಮರಿಯ ಬಾಯಿಗೆ ಎಟಕುವಷ್ಟು ಕೆಳಗೆ ಕಟ್ಟಬೇಕು. ಎರಡು-ಮೂರು ವಾರದ ಮರಿ ತಾಯಿ ಬಾಯಿ ಪಕ್ಕವೇ ಬಾಯಿ ಹಾಕಿ ಒಂದೆರಡು ಎಲೆ ಕಚ್ಚುತ್ತೆ. ಅಷ್ಟು ಸಾಕು. ಹೊಟ್ಟೆಗೆ ಹಾಲು ಇದ್ದೇ ಇರುತ್ತಲ್ಲ, ಇದು ಬರೀ ಪರಿಚಯಕ್ಕೆ.

ಸಂತೆಯಿಂದ ತಂದ ಮರಿಯಾದರೆ ಅವಸರ ಬೇಡ. ಸೊಪ್ಪನ್ನು ಅರ್ಧ ದಿನ ಬಾಡಿಸಿ, ವಾಸನೆ ಇಳಿದ ಮೇಲೆ ಹಿಡಿಯಷ್ಟನ್ನು ಅದಕ್ಕೆ ಗೊತ್ತಿರುವ ಮೇವಿನಲ್ಲಿ ಬೆರೆಸಿ ಹಾಕಿ. ಆ ಸೊಪ್ಪು ತಿನ್ನುವ ದೊಡ್ಡ ಕುರಿ ಪಕ್ಕ ಕಟ್ಟಿ. ಹದಿನೈದು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ. ಗೊಬ್ಬರದ ಗಿಡವನ್ನು ನಾನು ಒಟ್ಟು ಮೇವಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕೊಡಲ್ಲ. ಉಪವಾಸ ಕೆಡವಿ ಕಲಿಸೋಕೆ ಮಾತ್ರ ಹೋಗಬೇಡಿ.

2024ರಲ್ಲಿ ನಮ್ಮ ರೊಪ್ಪದಲ್ಲಿ ಏಳು ಮರಿ ಹುಟ್ಟಿದವು. ಹಾಲು ಬಿಟ್ಟ ಮೇಲೆ ಏಳೂ ಸೊಪ್ಪಿಗೆ ಬಾಯಿ ಹಾಕಿದವು, ಒಂದೂ ಸೊರಗಲಿಲ್ಲ. ಇದಕ್ಕೆ ಖರ್ಚಾಗಿದ್ದು ಹೊರೆ ಕಟ್ಟುವ ಹಗ್ಗ ಒಂದೇ.

ಈಗ ಮರಿ ಕೊಳ್ಳುವಾಗ ಹಲ್ಲು, ಕಾಲು ನೋಡುವ ಜೊತೆಗೆ "ಇದರ ತಾಯಿ ಏನು ತಿಂತಿತ್ತು?" ಅಂತಲೂ ಕೇಳ್ತೀನಿ. ಸಂತೆಯಲ್ಲಿ ನಗ್ತಾರೆ. ನಗಲಿ, ಎರಡು ಮರಿ ಕಳಕೊಂಡವನು ನಾನು.