ಮೇಜಿನ ಮೇಲಣ ಶಂಟಿಂಗ್

ಮಾದರಿ ರೈಲು ಓಡಿಸುವ ಹವ್ಯಾಸವು ಮನಸ್ಸಿಗೆ ಸಮಾಧಾನವನ್ನೀಯುವುದೆಂದು ಕೇಳಿದವರು, ಪುಟ್ಟ ಬಂಡಿಯೊಂದು ಮೇಜಿನ ಮೇಲೆ ಸುತ್ತು ಹಾಕುತ್ತಿರುವುದನ್ನೂ ಯಜಮಾನನು ಅದನ್ನು ನೋಡುತ್ತ ಮೈಮರೆತಿರುವುದನ್ನೂ ಕಲ್ಪಿಸಿಕೊಳ್ಳುವುದು ಸಹಜವೇ. ಆದರೆ ಸುಮ್ಮನೆ ಸುತ್ತುವ ರೈಲು ಬಹುಬೇಗ ಬೇಸರ ತರುತ್ತದೆ. ಕಣ್ಣು ಬಂಡಿಯ ಮೇಲಿದ್ದರೂ ಚಿತ್ತವು ನಾಳೆಯ ಚಿಂತೆಗೆ ಮರಳಿರುತ್ತದೆ. ಚಿತ್ತವನ್ನು ಒಂದೆಡೆ ನಿಲ್ಲಿಸಲು ಅದಕ್ಕೊಂದು ಉದ್ಯೋಗ ಬೇಕು. ರೈಲಿನ ಲೋಕದಲ್ಲಿ ಅಂತಹ ಉದ್ಯೋಗವೆಂದರೆ ಶಂಟಿಂಗ್, ಎಂದರೆ ವ್ಯಾಗನ್ನುಗಳನ್ನು ಹಳಿಯಿಂದ ಹಳಿಗೆ ಸರಿಸಿ ಬೇಕಾದ ಕ್ರಮದಲ್ಲಿ ಜೋಡಿಸುವ ಕೆಲಸ.

ಇಂಗ್ಲೆಂಡಿನ ಹವ್ಯಾಸಿ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ ಎಂಬ ವಿನ್ಯಾಸವು ಇದಕ್ಕೆ ಉತ್ತಮ ನಿದರ್ಶನ. ನಾಲ್ಕೈದು ಅಡಿ ಉದ್ದದ, ಒಂದಡಿ ಅಗಲದ ಹಲಗೆಯ ಮೇಲೆ ಎರಡು ಪಾಯಿಂಟುಗಳಿಂದ ಕವಲೊಡೆದ 3 ಹಳಿಗಳು. ಉದ್ದದ ಹಳಿಯಲ್ಲಿ 5 ವ್ಯಾಗನ್ನುಗಳಿಗೆ ಸ್ಥಳ, ಮಿಕ್ಕೆರಡರಲ್ಲಿ ಮೂರು ಮೂರಕ್ಕೆ. ಎಂಜಿನ್ನು ಹಿಂದೆ ಮುಂದೆ ಸರಿದಾಡುವ ಮೂಲಹಳಿಯಲ್ಲಿ ಎಂಜಿನ್ನಿನೊಡನೆ 3 ವ್ಯಾಗನ್ನುಗಳು ಮಾತ್ರ ಹಿಡಿಸುತ್ತವೆ. 8 ವ್ಯಾಗನ್ನುಗಳ ಪೈಕಿ ಐದನ್ನು ಚೀಟಿ ಎತ್ತಿ ಆರಿಸಿ, ಚೀಟಿ ಬಂದ ಕ್ರಮದಲ್ಲಿಯೇ ಬಂಡಿಯನ್ನು ಜೋಡಿಸತಕ್ಕದ್ದು. ಹೀಗೆ ಒದಗಬಹುದಾದ ಕ್ರಮಗಳು 6,720. ಆದುದರಿಂದ ಒಂದೇ ಹಲಗೆ ಒಂದು ಆಯುಷ್ಯಕ್ಕೆ ಸಾಕು.

ಆರಂಭದಲ್ಲಿ ಉದ್ದದ ಹಳಿಯಲ್ಲಿ ಐದು, ಗಿಡ್ಡ ಹಳಿಯೊಂದರಲ್ಲಿ ಮೂರು ವ್ಯಾಗನ್ನುಗಳಿದ್ದು, ಮೊದಲ ಚೀಟಿಯಲ್ಲಿ ಬಂದ ವ್ಯಾಗನ್ನು ಉದ್ದದ ಹಳಿಯ ತುತ್ತತುದಿಯಲ್ಲಿ ನಿಂತಿದೆಯೆನ್ನಿ. ಮುಂದಿನ ಮೂರನ್ನು ಎಳೆದು ತಂದು, ಖಾಲಿಯಿದ್ದ ಹಳಿಗೆ ತಳ್ಳಿ, ಉಳಿದೆರಡನ್ನು ತರಲು ಹೋದಾಗ ತಿಳಿಯುತ್ತದೆ: ಗಿಡ್ಡ ಹಳಿಗಳೆರಡೂ ಈಗ ಭರ್ತಿಯಾಗಿವೆ, ಕೈಗೆ ಬಂದವನ್ನು ಬಂದಲ್ಲಿಗೇ ಹಿಂದಿರುಗಿಸುವುದರ ಹೊರತು ಮಾರ್ಗವಿಲ್ಲ. ಆಗ ಎರಡು ಹೆಜ್ಜೆ ಹಿಂದೆ ಸರಿದು ಯೋಚಿಸಬೇಕು. ಸಮಸ್ಯೆ ನಿಜವಾದುದೇ, ಆದರೆ ಅದರಿಂದ ಯಾರಿಗೂ ನಷ್ಟವಿಲ್ಲ. ನಮ್ಮ ದಿನದ ಮಿಕ್ಕ ಸಮಸ್ಯೆಗಳ ಬಗೆಗೆ ಈ ಮಾತನ್ನು ಹೇಳಲು ಬರುವುದೆ?

ವೇಗದ ವಿಷಯವೂ ಉಂಟು. ಸಾಮಾನ್ಯ ಮಾದರಿಗಳಲ್ಲಿ 12 ವೋಲ್ಟಿನ ವಿದ್ಯುತ್ತು ಹಳಿಯ ಮೂಲಕವೇ ಎಂಜಿನ್ನಿಗೆ ಹರಿಯುತ್ತದೆ. ಗುಂಡಿಯನ್ನು ತಿರುಗಿಸಿದಷ್ಟು ವೇಗ. ನಿಜವಾದ ಶಂಟಿಂಗ್ ಎಂಜಿನ್ನು ಗಂಟೆಗೆ 8 ಕಿಲೋಮೀಟರಿನಂತೆ ಚಲಿಸಿದರೆ, ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ, ಸುಮಾರು 76ನೆಯ ಒಂದು ಪಾಲಿನ ಮಾದರಿಯು ಸೆಕೆಂಡಿಗೆ 3 ಸೆಂಟಿಮೀಟರಿನಷ್ಟು ತೆವಳಬೇಕಾಗುತ್ತದೆ; ಎಂದರೆ ಒಂದು ಮೀಟರು ಸಾಗಲು ಅರ್ಧ ನಿಮಿಷಕ್ಕೂ ಮೇಲೆ! ಗಂಧ ತೇಯುವವನ ಕೈಯಂತೆ ಅವಸರವರಿಯದ ಕೈ ಇದಕ್ಕೆ ಬೇಕು. ತುಸು ಜೋರಾದರೆ ವ್ಯಾಗನ್ನು ಕೊಂಡಿಗೆ ಸಿಕ್ಕದೆ ದೂರ ಉರುಳುತ್ತದೆ.

ಈ ಏಕಾಗ್ರತೆಯ ಇನ್ನೊಂದು ಪರಿಯನ್ನು ಪೀಟರ್ ಡೆನ್ನಿ ಎಂಬ ಆಂಗ್ಲ ಪಾದ್ರಿಯಲ್ಲಿ ಕಾಣುತ್ತೇವೆ. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಆರಂಭಿಸಿ ದಶಕಗಳ ಕಾಲ ಬೆಳೆಸಿದ ತನ್ನ ‘ಬಕಿಂಗ್‌ಹ್ಯಾಮ್’ ರೈಲುಮಾರ್ಗವನ್ನು ಆತನು ವೇಳಾಪಟ್ಟಿಗೆ ಅನುಸಾರವಾಗಿ, ನಿಲ್ದಾಣದಿಂದ ನಿಲ್ದಾಣಕ್ಕೆ ಗಂಟೆಯ ಸಂಜ್ಞೆ ಕಳುಹಿಸುತ್ತ ನಡೆಸುತ್ತಿದ್ದನು. ಎದುರು ನಿಂತು ಸಂಜ್ಞೆಗಳಿಗೆ ಉತ್ತರಿಸುತ್ತಿದ್ದ ಮಗ ಕ್ರಿಸ್ಪಿನ್ ಇಲ್ಲದಾಗಲೂ ಬಂಡಿಗಳು ನಿಲ್ಲದಿರಲೆಂದು ಒಂದು ಸ್ವಯಂಚಾಲಿತ ಯಂತ್ರವನ್ನೇ ನಿರ್ಮಿಸಿದನು. ಅದಕ್ಕೆ ಇಟ್ಟ ಹೆಸರು ‘ಸ್ವಯಂಚಾಲಿತ ಕ್ರಿಸ್ಪಿನ್’. ಇದನ್ನು ಓದಿದಾಗ ನಗು ಬರುತ್ತದೆ. ನಕ್ಕಮೇಲೆ, ಮಗನನ್ನು ಹೀಗೆ ನೆನೆದ ತಂದೆಯ ಮೇಲೆ ಅಕ್ಕರೆಯೂ ಹುಟ್ಟುತ್ತದೆ.

ಈ ಹವ್ಯಾಸವನ್ನು ಔಷಧವೆಂದು ಹೊಗಳುವವರ ಮಾತನ್ನು ನಾನು ಒಪ್ಪಲಾರೆ. ಹಳಿಗೆ ಧೂಳು ಕೂತರೆ ವಿದ್ಯುತ್ತು ಹರಿಯದೆ ಎಂಜಿನ್ನು ಮುಗ್ಗರಿಸುತ್ತದೆ, ಸಂಯಮಿಗೂ ಸಿಟ್ಟು ಬರುತ್ತದೆ; ಆಟಕ್ಕೆ ಮೊದಲು ಬಟ್ಟೆಯಿಂದ ಹಳಿಯೊರೆಸುವುದು ಅನಿವಾರ್ಯ. ಅಮೆರಿಕದ ಜಾನ್ ಅಲೆನ್ ರಚಿಸಿದ ‘ಟೈಮ್‌ಸೇವರ್’ ಎಂಬ ಶಂಟಿಂಗ್ ಪಂದ್ಯದಲ್ಲಿಯಂತೂ ಗಡಿಯಾರದೊಡನೆಯೇ ಸ್ಪರ್ಧೆ. ಅದು ಚತುರರ ಆಟ, ಸೊಗಸಾದುದು. ಆದರೆ ಇಡೀ ದಿನ ಗಡಿಯಾರಕ್ಕೆ ದುಡಿದು ಬಂದವನು ಸಂಜೆ ಮತ್ತೆ ಅದರೆದುರು ಏಕೆ ಓಡಬೇಕು? ಅವನಿಗೆ ರೈಟ್‌ನ ಹಲಗೆಯೇ ಲೇಸು.