ನೌಕಾಯಾನದ ಪುನರಭಿನಯವೂ ಎಡೆದೊರೆನಾಡಿನ ಹರಿಗೋಲೂ

ಗತಕಾಲದ ನೌಕೆಯನ್ನು ಅಂದಿನ ಕ್ರಮದಲ್ಲಿಯೇ ಮರಳಿ ಕಟ್ಟಿ, ತಾವೇ ನಾವಿಕರಾಗಿ ಸಂಚರಿಸಿ, ಅಂದಿನವರ ಬಾಳನ್ನು ಅರಿಯಲೆಳಸುವುದನ್ನು ಇಲ್ಲಿ ಪುನರಭಿನಯವೆಂದು ಕರೆದಿದ್ದೇವೆ. ಸ್ವೀಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಗೋಥೆಬೋರ್ಗ್ ನೌಕೆಯು ಕ್ಯಾಂಟನ್ನಿನಿಂದ ಹಿಂದಿರುಗುತ್ತ 1745ರಲ್ಲಿ ತನ್ನ ಬಂದರಿನ ಸಮೀಪದಲ್ಲಿಯೇ ಮುಳುಗಿತು. ಅದರ ಪ್ರತಿರೂಪವು 2005ರಲ್ಲಿ ಹೊರಟು, ಮರುವರ್ಷ ಕ್ಯಾಂಟನ್ನನ್ನು ಮುಟ್ಟಿ, 2007ರಲ್ಲಿ ಮರಳಿತು. ಅದರಲ್ಲಿ ನುರಿತ ನಾವಿಕರೊಡನೆ ಸ್ವಯಂಸೇವಕರೂ ಹಗ್ಗ ಎಳೆದರು. ನಮ್ಮ ಕಾರವಾರದಲ್ಲಿ 2025ರ ಮೇ ತಿಂಗಳಲ್ಲಿ ನೌಕಾದಳವನ್ನು ಸೇರಿದ ‘ಕೌಂಡಿನ್ಯ’ವಾದರೋ ಇನ್ನೂ ಪ್ರಾಚೀನ ಮಾದರಿಯದು, ತೆಂಗಿನ ನಾರಿನಿಂದ ಹಲಗೆಗಳನ್ನು ಹೊಲಿದ ಆ ಹಡಗು ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಮಸ್ಕತ್ತನ್ನು ತಲುಪಿತು.

ಕಡಲಿಲ್ಲದ ರಾಯಚೂರಿನವರಿಗೆ ಇದರಿಂದೇನೆಂದು ವಾಚಕರು ಕೇಳಬಹುದು. ನಮಗೆ ಕಡಲಿಲ್ಲ, ಹೊಳೆಗಳಿವೆ. ದೇವದುರ್ಗದವರು ಬಡಗಣ ನಾಡಿಗೆ ಹೋಗಲು ಕೃಷ್ಣೆಯನ್ನೂ, ಮಾನ್ವಿಯವರು ತೆಂಕಣಕ್ಕೆ ಹೋಗಲು ತುಂಗಭದ್ರೆಯನ್ನೂ ದಾಟಲೇಬೇಕಾಗಿತ್ತು. ಕೃಷ್ಣದೇವರಾಯನ ಕಾಲದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿಯ ಹರಿಗೋಲುಗಳನ್ನು ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗೆ ಹೆಣೆದು ತೊಗಲು ಹೊದಿಸಿದವು, ಹದಿನೈದಿಪ್ಪತ್ತು ಜನರನ್ನು ಹೊರುವವು, ನೆಟ್ಟಗೆ ಸಾಗದೆ ಸುತ್ತುತ್ತಲೇ ಹೋಗುವವು. ಓದುವವರಿಗೆ ಇದು ಅಂಬಿಗನ ಅಕೌಶಲವೆಂದು ತೋರಬಹುದು. ತುಂಗಭದ್ರೆಯ ದಡದಲ್ಲಿ ನಾವೇ ಹುಟ್ಟು ಹಿಡಿದು ಕುಳಿತಾಗಲಾದರೋ, ತಿರುಗದಂತೆ ತಡೆಯುವುದೇ ಕಠಿನವೆಂಬುದು ತೋಳುಗಳಿಗೆ ಮನವರಿಕೆಯಾಯಿತು. ಸೆಳವು ಕೆಳಕ್ಕೆ ಒಯ್ಯುವುದರಿಂದ, ಪ್ರತಿ ಬಾರಿಯೂ ಹರಿಗೋಲನ್ನು ದಡದ ಮೇಲೆ ಬಹುದೂರ ಹೊತ್ತು ನಡೆದು ಮತ್ತೆ ನೀರಿಗಿಳಿಸಬೇಕು. ದಾಟುವ ಹೊತ್ತಿಗಿಂತ ಈ ಹೊರುವ ಹೊತ್ತೇ ಹೆಚ್ಚು!

ಇದು ಸಣ್ಣ ಸಂಗತಿಯಲ್ಲ. ದಂಡು ಹೊಳೆಯನ್ನು ದಾಟಿತೆಂದು ಚರಿತ್ರಕಾರರು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಪಾಯೆಸನ ಎಣಿಕೆಯಂತೆ ಸಾವಿರ ಕಾಲಾಳುಗಳಿಗೆ ಕನಿಷ್ಠ 50 ಸಲ ಹರಿಗೋಲು ಬಿಡಬೇಕು. ಅಷ್ಟೇ ಸಲ ಅದು ಬರಿದಾಗಿ ಹಿಂದಿರುಗಬೇಕು. 1520ರ ರಾಯಚೂರು ಯುದ್ಧದಲ್ಲಿ ಸೋತ ಆದಿಲಶಾಹಿ ಸೈನ್ಯಕ್ಕೆ ಬೆನ್ನ ಹಿಂದಿನ ಕೃಷ್ಣೆಯೇ ಮೃತ್ಯುವಾದುದೇಕೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿದ ಆರ್ಥರ್ ವೆಲ್ಲೆಸ್ಲಿಯೂ ಹೊಳೆಗಳನ್ನು ದಾಟಲು ಇಂಥ ಬುಟ್ಟಿದೋಣಿಗಳನ್ನೇ ಆಶ್ರಯಿಸಬೇಕಾಯಿತು.

ಆದರೆ ಪುನರಭಿನಯಕ್ಕೆ ಮಿತಿಯುಂಟು. ಹೊಸ ಗೋಥೆಬೋರ್ಗಿನಲ್ಲಿ ಯಂತ್ರವೂ ಇದೆ. ಬೇಸತ್ತವನು ಮುಂದಿನ ಬಂದರಿನಲ್ಲಿಳಿದು ಮನೆಗೆ ಹೋಗಬಹುದು. ಇಂಗ್ಲಿಷ್ ಕಂಪನಿಯ ಹಡಗುಗಳಲ್ಲಿ ದುಡಿದ ಭಾರತೀಯ ಲಸ್ಕರರಿಗೆ ಆ ಸ್ವಾತಂತ್ರ್ಯವೆಲ್ಲಿತ್ತು? ಕಪ್ತಾನನ ಉಡುಪು ತೊಡಲು ಹಲವರು ಮುಂದಾಗುತ್ತಾರೆ. ಲಸ್ಕರನ ಪಾತ್ರವನ್ನು ಬಯಸುವವರು ವಿರಳ. ವೆಲ್ಲೆಸ್ಲಿಯ ದಾಟುವಿಕೆಯನ್ನು ಅಭಿನಯಿಸಹೊರಟರೆ ಇಲ್ಲಿಯೂ ಹಾಗೆಯೇ ಆದೀತು: ಸೇನಾಪತಿಯು ಮುಂದೆ, ಅಂಬಿಗನು ಹಿನ್ನೆಲೆಯಲ್ಲಿ.

ಸೇತುವೆಗಳು ಬಂದಂತೆ ಹರಿಗೋಲಿನ ಕೆಲಸ ಕುಗ್ಗಿದೆ. ತೊಗಲಿನ ಸ್ಥಾನವನ್ನು ಡಾಂಬರು ಬಳಿದ ಹಾಳೆಯೂ ಪ್ಲಾಸ್ಟಿಕ್ಕೂ ಆಕ್ರಮಿಸಿವೆ. ನಾರಾಯಣಪುರ ಅಣೆಕಟ್ಟೆಯಿಂದ ನೀರು ಬಿಟ್ಟೊಡನೆ ಕೃಷ್ಣೆಯ ಮಟ್ಟವೇ ಬದಲಾಗುತ್ತದೆ. ಹೊಳೆಯ ಬಣ್ಣ ನೋಡಿ ಸೆಳವನ್ನು ಅಳೆಯುತ್ತಿದ್ದ ಹಿರಿಯರ ಅರಿವಿಗೆ ಈಗ ಕೇಳುವವರಿಲ್ಲ. ಆದಕಾರಣ ಅಭಿನಯಕ್ಕೆ ಮುನ್ನ ವಿದ್ಯಾರ್ಥಿಗಳು ಎರಡೂ ದಡಗಳ ಅಂಬಿಗರಲ್ಲಿ ಶಿಷ್ಯರಾಗಿ ಕುಳಿತುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ: ಬಿದಿರನ್ನು ಯಾವ ತಿಂಗಳಲ್ಲಿ ಕಡಿಯುವರು, ಹೆಣಿಗೆಯನ್ನು ಎಲ್ಲಿಂದ ಆರಂಭಿಸುವರು, ಎತ್ತನ್ನು ಹತ್ತಿಸುವಾಗ ಜನರನ್ನು ಯಾವ ಕಡೆಗೆ ಕೂರಿಸುವರು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು.