ಮಳೆ ಎಷ್ಟು ಇಂಚು?

ಕೊಡಗಿನಲ್ಲಿ ಜೂನ್ ಕಾಲಿಟ್ಟ ಮೇಲೆ ಇಬ್ಬರು ಎದುರಾದರೆ ಮೊದಲು ಬರುವುದು ಕುಶಲದ ಮಾತಲ್ಲ. ‘ನಿಮ್ಮಲ್ಲಿ ಎಷ್ಟು ಇಂಚು?’ ಎಂಬ ಪ್ರಶ್ನೆ. ದೇಶವೆಲ್ಲ ಮಿಲಿಮೀಟರಿಗೆ ಬಂದು ಎಷ್ಟೋ ಕಾಲವಾಯಿತು, ಕಾಫಿ ತೋಟದ ಮಳೆ ಪುಸ್ತಕ ಮಾತ್ರ ಇಂಚನ್ನು ಬಿಟ್ಟಿಲ್ಲ. ಬೆಂಗಳೂರು ಆಕಾಶವಾಣಿಯ ಪ್ರದೇಶ ಸಮಾಚಾರದಲ್ಲಿ ಭಾಗಮಂಡಲಕ್ಕೆ ಇಷ್ಟು ಸೆಂಟಿಮೀಟರ್ ಎಂದು ಓದಿದರೆ, ಒಲೆ ಮುಂದೆ ಕೂತ ಹಿರಿಯರು ಮನಸ್ಸಿನಲ್ಲೇ ಎರಡೂವರೆಯಿಂದ ಭಾಗಿಸಿ, ‘ಹಾಗಾದರೆ ನಾಳೆ ಸಂಗಮ ತುಂಬಿತು, ನಾಪೋಕ್ಲು ರಸ್ತೆ ಬಂದ್’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಈ ಜಿಲ್ಲೆಯಲ್ಲಿ ರೇಡಿಯೊದ ಪರಿಸರ ಕಾರ್ಯಕ್ರಮ ಎಂದರೆ ಮೊದಲು ಇದೇ. ಅದಕ್ಕೆ ಹಾಗೆಂದು ಹೆಸರಿಲ್ಲ, ಅಷ್ಟೇ.

ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿಗೆ ಆಧಾರವಾದ 1990ರ ಕಾಯ್ದೆಯ 12ನೇ ಕಲಮಿನಲ್ಲಿ ಸಾರ್ವಜನಿಕ ಪ್ರಸಾರದ ಕರ್ತವ್ಯಗಳ ಪಟ್ಟಿಯಿದೆ. ಕೃಷಿ, ಪರಿಸರ, ಆರೋಗ್ಯ ಒಂದು ಸಾಲಿನಲ್ಲಿ. ಪ್ರದೇಶಗಳ ಸಂಸ್ಕೃತಿ, ಭಾಷೆ ಇನ್ನೊಂದು ಸಾಲಿನಲ್ಲಿ. ದಿಲ್ಲಿಯಲ್ಲಿ ಕೂತು ಬರೆದವರಿಗೆ ಇವು ಎರಡು ಬೇರೆ ಖಾತೆಗಳಾಗಿ ಕಂಡಿರಬೇಕು. ಕೊಡಗಿನಲ್ಲಿ ಈ ಗೋಡೆ ನಿಲ್ಲುವುದಿಲ್ಲ. ಸುಗ್ಗಿ ಹಬ್ಬ ಪುತ್ತರಿಯನ್ನೇ ನೋಡಿ. ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ಸನ್ನಿಧಿಯಲ್ಲಿ ಎಲೆಗಳ ‘ನೆರೆ’ ಕಟ್ಟುವುದಕ್ಕೆ, ಕದಿರು ತೆಗೆಯುವುದಕ್ಕೆ, ಊಟಕ್ಕೆ ಒಂದೊಂದು ಗಳಿಗೆ ನಿಗದಿಯಾಗುತ್ತದೆ. ಆ ಸಮಯ ಊರೂರಿಗೆ ತಲುಪಬೇಕು. ತಲುಪಿದ ಮೇಲೆ ನೆರೆಗೆ ಐದು ಬಗೆಯ ಎಲೆ ಕೊಯ್ದು ತರಬೇಕು, ಅಂದರೆ ಮರಗಳ ಗುರುತು ಗೊತ್ತಿರಬೇಕು. ಕದಿರು ತೆಗೆಯಲು ಗದ್ದೆ ಬೇಕು, ಗದ್ದೆ ಪಾಳು ಬಿದ್ದಿದ್ದರೆ ಪಕ್ಕದವರ ಗದ್ದೆಗೆ ಹೋಗಬೇಕು. ಮೂರು ಗಳಿಗೆಗಳ ಈ ಪ್ರಕಟಣೆ ಸಂಸ್ಕೃತಿಯೋ ಪರಿಸರವೋ? ಕಕ್ಕಡ ತಿಂಗಳ ಹದಿನೆಂಟರ ಮದ್ದು ಸೊಪ್ಪಿನ ವಿಚಾರವೂ ಹೀಗೆಯೇ. ಆ ದಿನ ಅದರಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆಯನ್ನು ಒಪ್ಪಿ, ಬಿಡಿ, ಆ ಸೊಪ್ಪಿನ ನೇರಳೆ ಬಣ್ಣದ ಪಾಯಸ ಬೇಕೆಂದರೆ ಗಿಡ ಎಲ್ಲಿ ಬೆಳೆಯುತ್ತದೆಂದು ತಿಳಿದಿರಲೇಬೇಕು.

ಮಡಿಕೇರಿ ಆಕಾಶವಾಣಿ ಶುರುವಾದದ್ದು 1993ರಲ್ಲಿ. ಜಿಲ್ಲೆಗೊಂದು ಸ್ಥಳೀಯ ಕೇಂದ್ರ ಎಂಬ ಯೋಚನೆಗೆ 1984ರಲ್ಲಿ ನಾಗರಕೋಯಿಲಿನಲ್ಲಿ ಚಾಲನೆ ಸಿಕ್ಕಿತ್ತು. ಹಾಸನ, ಚಿತ್ರದುರ್ಗಗಳಂತೆ ಮಡಿಕೇರಿಯೂ ಆ ಸಾಲಿನ ಕೂಸು. 103.1 ಎಫ್‌ಎಂ. ಎಫ್‌ಎಂ ಅಲೆ ಕಣ್ಣೋಟದಂತೆ ನೇರ ಹೋಗುತ್ತದೆ, ಬೆಟ್ಟ ಅಡ್ಡ ಬಂದರೆ ಅದರಾಚೆ ನೆರಳು. ಹಾಗಾಗಿ ಗುಡ್ಡದ ಮರೆಯ ಮನೆಗಳಲ್ಲಿ ರೇಡಿಯೊಕ್ಕೆ ಖಾಯಂ ಜಾಗವೊಂದಿರುತ್ತದೆ, ಯಾವ ಕಿಟಕಿಯ ಯಾವ ಮೂಲೆ ಎಂಬುದು ಮನೆಮಂದಿಗೆಲ್ಲ ಗೊತ್ತು. ಮಗುವೊಂದು ಆಡುತ್ತಾ ಅದನ್ನು ಒಂದು ಗೇಣು ಸರಿಸಿದರೂ ಬೈಗುಳ.

ಕೇಂದ್ರದ ಬಲ ಇರುವುದು ನುಡಿಯಲ್ಲಿ. ಕನ್ನಡದ ಜೊತೆ ಕೊಡವ ತಕ್ಕ್, ಅರೆಭಾಷೆ. 2011ರ ಜನಗಣತಿಯಲ್ಲಿ ಕೊಡವ ತಾಯ್ನುಡಿ ಎಂದವರು ದೇಶದಲ್ಲೆಲ್ಲ ಸೇರಿ 1,13,857 ಮಂದಿ. ಇಷ್ಟು ಸಣ್ಣ ಭಾಷೆಗೆ ಖಾಸಗಿ ಎಫ್‌ಎಂ ಮೈಕು ಹಿಡಿಯುವ ಕಾರಣವೇ ಇಲ್ಲ, ಜಾಹೀರಾತಿನ ಲೆಕ್ಕ ಕೂಡುವುದಿಲ್ಲ. ಅರೆಭಾಷೆ ಘಟ್ಟದ ಕೆಳಗಿನ ಸುಳ್ಯದ ಕಡೆಯೂ ಮನೆಮಾತು. ಸರ್ಕಾರ ಅದಕ್ಕೆ ಅಕಾಡೆಮಿ ಕೊಟ್ಟದ್ದು 2011ರಲ್ಲಿ, ಕೊಡವ ಅಕಾಡೆಮಿ ಬಂದದ್ದು 1994ರಲ್ಲಿ. ರೇಡಿಯೊ ಆ ಎರಡಕ್ಕಿಂತಲೂ ಹಿರಿಯದು.

ಆದರೆ ಕಾಡಿನ ಬಗ್ಗೆ ಹೆಚ್ಚು ತಿಳಿದವರ ನುಡಿಗಳು ಈ ಮೂರೂ ಅಲ್ಲ. ಜೇನುಕುರುಬರು, ಬೆಟ್ಟಕುರುಬರು, ಯರವರು ಮಾತಾಡುವ ನುಡಿಗಳಿಗೂ ಇಲ್ಲಿ ದಿನದ ಪಾಲು ಸಲ್ಲಬೇಕು. ಹಬ್ಬದ ದಿನ ಬಂದು ಹಾಡಿ ಹೋಗುವ ಅತಿಥಿಯ ಪಾಲಲ್ಲ. ಇದರಲ್ಲಿ ಒಂದು ತಮಾಷೆಯ ತೊಡಕೂ ಇದೆ. ಮೇ ತಿಂಗಳಲ್ಲಿ ದೇವರಪುರದಲ್ಲಿ ಇವರ ಕುಂಡೆ ಹಬ್ಬ. ತಮ್ಮನ್ನು ಬೇಟೆಗೆ ಕರೆದೊಯ್ದ ಅಯ್ಯಪ್ಪ ಭದ್ರಕಾಳಿಯ ಹಿಂದೆ ಹೋಗಿ ತಮ್ಮ ಕೈಬಿಟ್ಟನೆಂಬ ಸಿಟ್ಟಿಗೆ, ವೇಷ ಹಾಕಿ, ದೇವರಿಗೂ ದಾರಿಹೋಕರಿಗೂ ಬಾಯ್ತುಂಬ ಬೈದು ಹಾಡುವ ಹಬ್ಬ. ಕಾಡು, ದೇವರು, ಜೀತ, ಎಲ್ಲವನ್ನೂ ಹೊತ್ತ ಆ ಹಾಡುಗಳಲ್ಲಿ ಆಕಾಶವಾಣಿಯ ಪ್ರಸಾರ ಸಂಹಿತೆಯನ್ನು ದಾಟಿ ಬರುವ ಸಾಲು ಎಷ್ಟು ಸಿಕ್ಕೀತು!

ದೇವರಕಾಡುಗಳ ವಿಷಯಕ್ಕೆ ಬರೋಣ. ಜಿಲ್ಲೆಯಲ್ಲಿ 1,214 ದೇವರಕಾಡುಗಳು, ಒಟ್ಟು ಸುಮಾರು 2,550 ಹೆಕ್ಟೇರ್. 1905ರ ಲೆಕ್ಕದಲ್ಲಿ ಇದೇ 6,277 ಹೆಕ್ಟೇರ್ ಇತ್ತು. ಪೊನ್ನಂಪೇಟೆಯ ಅರಣ್ಯ ಕಾಲೇಜು ಹತ್ತಿರವೇ ಇರುವುದರಿಂದ ಈ ಬಗ್ಗೆ ಮಾತಾಡಬಲ್ಲ ತಜ್ಞರಿಗೇನೂ ಬರವಿಲ್ಲ. ನನ್ನ ಕಿವಿಗೆ ಮಾತ್ರ ತಜ್ಞರ ಸಂದರ್ಶನಕ್ಕಿಂತ ಊರಿನ ತಕ್ಕರ ಮಾತು ರುಚಿ. ದೇವಸ್ಥಾನದ ಕಟ್ಟುಕಟ್ಟಳೆ ಹೊತ್ತವರು ಅವರು. ಯಾವ ಮರ ಬಿದ್ದರೆ ಯಾರೂ ಮುಟ್ಟುವಂತಿಲ್ಲ, ಎಲ್ಲಿ ಬೇಲಿ ಸರಿಯಿತು, ಯಾವ ಹಬ್ಬದ ಯಾವ ಪದ್ಧತಿ ನಿಂತುಹೋಯಿತು ಎಂಬುದು ಅವರ ಬಾಯಲ್ಲಿ ಹೆಕ್ಟೇರಿನ ಲೆಕ್ಕವಾಗಿ ಬರುವುದಿಲ್ಲ, ಮನೆತನದ ಜಗಳದ ಕಥೆಯಾಗಿ ಬರುತ್ತದೆ. ರೇಡಿಯೊಕ್ಕೆ ಬೇಕಾದದ್ದೂ ಅದೇ.

ಹಾಡುಗಳ ವಿಷಯವೂ ಹೀಗೆಯೇ. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ‘ಪಟ್ಟೋಲೆ ಪಳಮೆ’ ತಂದು ಕೊಡವರ ಹಾಡುಗಳಿಗೆ ಕಾಗದದ ಆಯಸ್ಸು ಕೊಟ್ಟರು. ದುಡಿಯ ಪೆಟ್ಟು, ನಾಲ್ವರಲ್ಲಿ ಇಬ್ಬರು ಹಾಡಿ ಬಿಟ್ಟದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುವ ಆ ಸಂದಿನ ಉಸಿರು ಕಾಗದಕ್ಕೆ ಇಳಿಯುವಂಥದ್ದಲ್ಲ. ಅದನ್ನು ಹಿಡಿಯುವ ಶಕ್ತಿ ಇರುವುದು ಧ್ವನಿಮುದ್ರಣಕ್ಕೆ.

ಇನ್ನು 2018ರ ಆಗಸ್ಟಿನ ಮಳೆ ಅನಾಹುತ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು. ಕರೆಂಟು ಹೋಗಿ, ಮೊಬೈಲ್ ಟವರುಗಳು ಮೂಕವಾಗಿ, ಬೆಟ್ಟದ ಆಚೆ ಯಾರಿದ್ದಾರೆ ಯಾರಿಲ್ಲ ಎಂದು ತಿಳಿಯದ ದಿನಗಳು. ಅಂಥ ಹೊತ್ತಿನಲ್ಲಿ ಎರಡು ಸೆಲ್ ಹಾಕಿದ ರೇಡಿಯೊಕ್ಕೆ ಚಾರ್ಜೂ ಬೇಡ, ನೆಟ್‌ವರ್ಕೂ ಬೇಡ. ಅದರಲ್ಲಿ ಬರುವ ಮಾತು ಮಾತ್ರ ಇಲ್ಲಿಯದಾಗಿರಬೇಕು. ಹೊರಗಿನ ಸುದ್ದಿಗೆ ಎಲ್ಲವೂ ‘ಭೂಕುಸಿತ’. ಕೊಡಗಿನವರಿಗೆ ರಸ್ತೆ ಬದಿಯ ಬರೆ ಕುಸಿಯುವುದು ಬೇರೆ, ಬೆಟ್ಟವೇ ಹೊರಡುವುದು ಬೇರೆ. ಬರೆ ಕುಸಿದರೆ ಮಣ್ಣು ಎತ್ತಿ ಹಾಕಿ ರಸ್ತೆ ಬಿಡಿಸುತ್ತಾರೆ. ಬೆಟ್ಟ ಹೊರಟರೆ ಮನೆ ಬಿಟ್ಟು ಓಡಬೇಕು. ಎಚ್ಚರಿಕೆ ಕೊಡುವವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು. ಮನೆಗೆ, ರಸ್ತೆಗೆ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಆ ವರ್ಷದ ಅನಾಹುತಕ್ಕೆ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಹೇಳಿತು. ಎರಡು ವರ್ಷ ಕಳೆಯಿತು, 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟ ಜಾರಿ ಅರ್ಚಕರ ಮನೆಯನ್ನೇ ಹೊತ್ತೊಯ್ದಿತು. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ನಾಡೆಲ್ಲ ಕಣ್ಣು ಕಿವಿ ನೆಡುವುದು ಅದೇ ಜಾಗಕ್ಕೆ. ಆ ದಿನ ತೀರ್ಥ ಉಕ್ಕುವ ಕುಂಡಿಕೆಯ ಕಡೆ ಹಿಡಿದ ಮೈಕನ್ನು ಹತ್ತು ನಿಮಿಷ ಮೇಲಿನ ಇಳಿಜಾರಿನತ್ತ ತಿರುಗಿಸಿದರೆ ಕಾವೇರಮ್ಮ ಬೇಸರಿಸಲಾರಳು.

ಮಳೆಗೆ ಹೆದರುವ ತಿಂಗಳುಗಳು ಕಳೆದರೆ, ಫೆಬ್ರವರಿ, ಮಾರ್ಚಿನಲ್ಲಿ ಕಾಫಿಯ ಹೂಮಳೆಯ ದಾರಿ ಕಾಯುವ ಕಾಲ. ಹದವಾಗಿ ಒಂದು ಇಂಚು ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬಿಳಿ, ಮಲ್ಲಿಗೆಯಂಥ ಘಮ. ಕಡಿಮೆ ಬಿದ್ದರೆ ಮೊಗ್ಗು ಅರ್ಧಕ್ಕೇ ನಿಂತು ಒಣಗುತ್ತದೆ. ಕೆರೆ ಇದ್ದವರು ಸ್ಪ್ರಿಂಕ್ಲರ್ ಹಚ್ಚುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ. ನನ್ನ ಪರಿಚಯದ ಹಿರಿಯರೊಬ್ಬರು ಆ ದಿನಗಳಲ್ಲಿ ರೇಡಿಯೊವನ್ನು ಮಳೆಮಾಪಕದ ಪಕ್ಕದ ಕಟ್ಟೆ ಮೇಲೆಯೇ ಇಟ್ಟಿರುತ್ತಾರೆ. ಹೋದ ಸಲ ಹೋದಾಗ ರಾತ್ರಿ ಗುಡುಗಿತ್ತು. ಬೆಳಿಗ್ಗೆ ಗಾಜಿನ ಕೊಳವೆಯನ್ನು ಕಣ್ಣ ಮಟ್ಟಕ್ಕೆ ಎತ್ತಿ ನೋಡಿದರು.

‘ಎಷ್ಟು ಮಾಮ?’ ಎಂದೆ.

‘ನಲವತ್ತು ಸೆಂಟ್ಸು, ಅರ್ಧ ಇಂಚೂ ಇಲ್ಲ. ಸಾಲದು’ ಎಂದು ನೀರು ಚೆಲ್ಲಿ, ಪುಸ್ತಕದಲ್ಲಿ ಬರೆದು, ರೇಡಿಯೊದ ಕಿವಿ ತಿರುಗಿಸಿದರು.